ಕಾಣೆಯಾದ ಅಪ್ಪನ ಗುರುತು

ಒಬ್ಬ ಮನುಷ್ಯ ಕುಡಿದಿದ್ದಾನೋ ಇಲ್ಲವೋ ಎಂದು ತಿಳಿಯಬೇಕಾದರೆ ಏನು ಮಾಡಬೇಕು? ಬಾಯಿ ಊದಿಸಿ ನೋಡಬೇಕು. ರಕ್ತ ತೆಗೆದು ನೋಡಬೇಕು. ಅದೂ ಆಗದಿದ್ದರೆ ಹತ್ತಿರ ಹೋಗಿ ಮೂಸಿಯಾದರೂ ನೋಡಬೇಕಲ್ಲ ಸ್ವಾಮಿ! ಬಸ್ ಡಿಪೋದ ಅಧಿಕಾರಿ ಇದ್ಯಾವುದನ್ನೂ ಮಾಡಲಿಲ್ಲ. ಮಹಡಿಯ ಕಿಟಕಿಯಿಂದ ಬಗ್ಗಿ ನೋಡಿದರು, ಅಷ್ಟೇ. ಮುಸ್ಸಂಜೆಯ ಹೊತ್ತು. ಬಸ್ಸೊಂದು ಗೇಟಿನ ಕಂಬಕ್ಕೆ ಮೈಯುಜ್ಜಿಕೊಂಡು ನಿಂತಿತ್ತು. ಅದರ ಡ್ರೈವರ್ ಕೆಳಗಿಳಿದು, ಬಸ್ಸಿನ ಪಕ್ಕವನ್ನು ಸವರಿಕೊಂಡು ನಡೆದು, ಎದುರಿಗೇ ಬಿದ್ದಿದ್ದ ಹಳೆಯ ಟೈರನ್ನು ಎಡವಿ ಬಿದ್ದ. ಕುಡಿದು ಓಡಿಸಿದ್ದಾನೆ ಎಂದು ಅಧಿಕಾರಿ ಮೇಲಿನಿಂದಲೇ ತೀರ್ಪು ಕೊಟ್ಟರು. ಆ ಡ್ರೈವರ್ ಕೆಮ್ಮಿನ ಔಷಧಿಯ ವಾಸನೆಗೂ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯ.

ಇದು ಅವನ ದೊಡ್ಡ ಮಗಳ ಕಥೆ. ಆಗ ಅವಳಿನ್ನೂ ಶಾಲೆಯ ಹುಡುಗಿ. ಅಂಗಲಾಚಿ ನೋಡೋಣವೆಂದು ಅಮ್ಮ ಡಿಪೋಗೆ ಹೊರಟಾಗ ಜೊತೆಗೆ ಹೋದಳು. ಅಧಿಕಾರಿಯ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಅವರಿಗೇ ಆದ ಸನ್ಮಾನದ ಫೋಟೊ. ತನ್ನ ಗಂಡ ಜನ್ಮದಲ್ಲಿ ಕುಡಿದವನಲ್ಲ ಎಂದು ಅಮ್ಮ ಅತ್ತಳು. ಎಲ್ಲರ ಹೆಂಡತಿಯರೂ ಇದನ್ನೇ ಹೇಳುತ್ತಾರೆ ಎಂದು ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಅಪ್ಪ ಡ್ರೈವರುಗಳ ಸಂಘದ ಸಭೆಯಲ್ಲಿ ಎದ್ದು ನಿಂತು ಆಡುತ್ತಿದ್ದ ಮಾತು ಹುಡುಗಿಗೆ ಬಾಯಿಪಾಠವಾಗಿತ್ತು. ಅದನ್ನೇ ಒಪ್ಪಿಸಿಬಿಟ್ಟಳು.

"ನಂದೊಂದು ತಕರಾರಿದೆ. ಟೆಸ್ಟ್ ಮಾಡ್ದೆ ನಿಮ್ಗೆ ಹೇಗ್ ಗೊತ್ತಾಯ್ತು?"

ಅಧಿಕಾರಿ ಹೊಟ್ಟೆ ಕುಣಿಸಿ ನಕ್ಕರು. ಬಂದಳಪ್ಪ ತಕರಾರಮ್ಮ ಎಂದರು. ಅಪ್ಪನ ಕೆಲಸ ಹೋಯಿತು, ಮಗಳಿಗೆ ಹೆಸರು ಉಳಿಯಿತು. ಮನೆಯಲ್ಲಿ, ಶಾಲೆಯಲ್ಲಿ, ಮುಂದೆ ಪ್ರಯೋಗಾಲಯದಲ್ಲೂ ಅವಳು ತಕರಾರಮ್ಮನೇ ಆದಳು.

ಕೆಲವು ತಿಂಗಳ ಮೇಲೆ ಕಣ್ಣಿನ ಡಾಕ್ಟರೊಬ್ಬರು ಅಪ್ಪನ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ ನಿಜ ಹೇಳಿದರು. ಕಣ್ಣಿನ ಹಿಂಬದಿಯ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬಂದಿದೆ. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ಕೊನೆಗೆ ಕೊಳವೆಯೊಳಗಿಂದ ಇಣುಕಿದಷ್ಟು ಉಳಿಯುತ್ತದೆ, ಅದೂ ಹೋಗುತ್ತದೆ. ವಂಶದಲ್ಲಿ ಬರುವ ಕಾಯಿಲೆ, ಮದ್ದಿಲ್ಲ. ಅಮ್ಮ ಆ ಸರ್ಟಿಫಿಕೇಟನ್ನು ಹಿಡಿದುಕೊಂಡು ಮತ್ತೆ ಡಿಪೋಗೆ ಓಡಿದಳು. ಅಧಿಕಾರಿ ಓದಿ ನೋಡಿ, ಹಾಗಾದರೆ ನಿನ್ನ ಗಂಡ ಕಣ್ಣು ಕಾಣದೆ ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುತ್ತಿದ್ದನೋ ಎಂದು ಕೇಳಿದರು. ನೋಡಿ ಹೇಗಿದೆ ನ್ಯಾಯ! ಕುಡುಕನಲ್ಲ ಎಂದು ತೋರಿಸಲು ಹೋದರೆ ಕೊಲೆಗಡುಕನಾಗಬೇಕು. ಅಪ್ಪ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೀದಿಯವರ ಬಾಯಲ್ಲಿ ಕುಡುಕ ಡ್ರೈವರಾಗಿಯೇ ಉಳಿದುಕೊಂಡ.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಒಂದೊಂದು ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿ ಪರೀಕ್ಷೆ ಮಾಡಿದರು. ದೊಡ್ಡವಳ ಕಣ್ಣು ಚೊಕ್ಕವಾಗಿತ್ತು. ಚಿಕ್ಕವಳಲ್ಲಿ ಕಾಯಿಲೆ ಆಗಲೇ ಅಂಚಿನಲ್ಲಿ ಶುರುವಾಗಿತ್ತು. ಕೆಲಸ ಹೋದಾಗ ಅಳದಿದ್ದ ಅಪ್ಪ ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ತಕರಾರಮ್ಮ ಪಕ್ಕದಲ್ಲಿ ನಿಂತು ನೋಡಿದಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಆ ಸಿಟ್ಟೇ ಅವಳನ್ನು ಓದಿಸಿತು ಎನ್ನಬೇಕು. ವಿಜ್ಞಾನ ತೆಗೆದುಕೊಂಡಳು, ಅದರಲ್ಲಿ ತಳಿವಿಜ್ಞಾನ ಹಿಡಿದಳು. ಬಂಧುಗಳಿಗೆ ಇದು ತಲೆಗೆ ಹತ್ತಲಿಲ್ಲ. ಡಾಕ್ಟರಾಗ್ತೀಯಾ ಎಂದು ಕೇಳಿದವರಿಗೆ, ಆಗುತ್ತೇನೆ, ಆದರೆ ಇಂಜೆಕ್ಷನ್ ಕೊಡುವ ಡಾಕ್ಟರಲ್ಲ ಎನ್ನುತ್ತಿದ್ದಳು. ಪಿಎಚ್.ಡಿ. ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಹಣ್ಣಿನ ನೊಣ ಸಾಕಿದಳು. ನೊಣದ ಕಣ್ಣು ಕೆಂಪೋ ಬಿಳಿಯೋ ಎಂದು ಸೂಕ್ಷ್ಮದರ್ಶಕದ ಕೆಳಗೆ ಕುಂಚದಲ್ಲಿ ಬೇರೆ ಮಾಡಿ ಮಾಡಿ ಅವಳ ಕತ್ತು ಹಿಡಿದುಕೊಂಡಿತು. ಎಲ್ಲರ ಮಕ್ಕಳೂ ಮನುಷ್ಯರಿಗೆ ಏನಾದರೂ ಮಾಡುತ್ತಾರೆ, ಇವಳು ನೊಣ ಹೊಡೆಯುತ್ತಾ ಕೂತಿದ್ದಾಳೆ ಎಂದು ಚಿಕ್ಕಪ್ಪ ಸಿಕ್ಕಸಿಕ್ಕವರ ಹತ್ತಿರ ಹೇಳಿ ನಗಾಡಿದ. ಹೊಡೆಯುವುದಲ್ಲ ಚಿಕ್ಕಪ್ಪ, ಹೆರಿಗೆ ಮಾಡಿಸುವುದು ಎಂದು ಅವಳೂ ಬಿಡದೆ ತಿರುಗಿಸಿದಳು.

ಪದವಿ ಬಂತು. ಪದವಿಯ ಹಿಂದೆ ನೌಕರಿ ಬರಬೇಕಲ್ಲ, ಅದು ಬರಲಿಲ್ಲ. ಬಂದದ್ದು ಗುತ್ತಿಗೆ. ಈ ವರ್ಷ ಇದ್ದೀಯ, ಮುಂದಿನ ವರ್ಷ ನೋಡೋಣ. ಊರಿಂದ ಊರಿಗೆ, ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಅವಳು ಬಾಡಿಗೆ ಕೋಣೆಯ ಬೀಗದ ಕೈ ಬದಲಾಯಿಸುತ್ತಲೇ ಇದ್ದಳು. ಪ್ರಯೋಗಕ್ಕೆ ಬೆಳೆಸುವ ಕೋಶಗಳಿಗೆ ಭಾನುವಾರವಿಲ್ಲ, ಅವಕ್ಕೆ ದಿನಾ ಆಹಾರ ಬದಲಿಸಬೇಕು. ಹಾಗಾಗಿ ಅವಳಿಗೂ ಭಾನುವಾರವಿರಲಿಲ್ಲ. ಕೆಲಸ ಅವಳದು, ಪ್ರಬಂಧದಲ್ಲಿ ಹೆಸರು ಮಾತ್ರ ಗುಂಪಿನ ನಡುವೆ ಎಲ್ಲೋ. ಮುಂದಿನ ಸಲ ನಿನ್ನದೇ ಮೊದಲು ಎನ್ನುವ ಮಾತನ್ನು ಎಷ್ಟು ಜನ ದೊಡ್ಡವರ ಬಾಯಲ್ಲಿ ಕೇಳಿದಳೋ! ಆ ಮುಂದಿನ ಸಲ ಎಂಬುದು ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ.

ಕೊನೆಗೆ ಜೀನಿನ ತಪ್ಪನ್ನು ತಿದ್ದುವ ವಿದ್ಯೆ ಬಂತು, ಅದಕ್ಕಾಗಿಯೇ ಕಟ್ಟಿದ ದೊಡ್ಡ ಸಂಸ್ಥೆಯೊಂದರಲ್ಲಿ ಅವಳಿಗೆ ಜಾಗ ಸಿಕ್ಕಿತು. ಅಲ್ಲಿನ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಬೆಣ್ಣೆ ಸಾಹೇಬರು ಎನ್ನುತ್ತಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಜಾಣ. ಬೈದರೂ ಹೊಗಳಿದ ಹಾಗೆ ಕೇಳಿಸುತ್ತಿತ್ತು. ಹಣ ಕೊಡುವವರ ಮುಂದೆ ಅವರು ಬಾಯಿ ತೆರೆದರೆ ಕುರುಡರೆಲ್ಲ ನಾಳೆ ಬೆಳಿಗ್ಗೆಯೇ ಪೇಪರು ಓದುತ್ತಾರೇನೋ ಎನಿಸುತ್ತಿತ್ತು. ತಕರಾರಮ್ಮನ ತಂಗಿಗೆ ಇದೇ ಕಾಯಿಲೆ ಎಂದು ತಿಳಿದಾಗ ಅವರ ಮುಖ ಅರಳಿತು. ಅಲ್ಲ, ಇನ್ನೊಬ್ಬರ ಮನೆಯ ಸಂಕಟ ಕೇಳಿ ಯಾರ ಮುಖವಾದರೂ ಅರಳುತ್ತದೆಯೇ? ಅವರದು ಅರಳಿತು. ಅಕ್ಕನೇ ತಂಗಿಯ ಕಣ್ಣು ತಿದ್ದುವ ಕಥೆ, ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಗುತ್ತದೆ ಎಂದರು.

ತಂಗಿ ಕೂದಲು ಕತ್ತರಿಸುವವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿ, ಗೋಡೆಯಗಲ ಕನ್ನಡಿ ಇದ್ದ ಪುಟ್ಟ ಅಂಗಡಿ ಅವಳದು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಿರಾಕಿಗಳು ಅರ್ಧ ಕೂದಲಿಗೆ ಬಂದರೆ ಅರ್ಧ ಅವಳ ಮಾತಿಗೆ ಬರುತ್ತಿದ್ದರು. ಆದರೆ ಕಣ್ಣಿನ ಅಂಚು ಸವೆಯುತ್ತಾ ಬಂದಿತ್ತು. ಎದುರಿಗಿದ್ದದ್ದು ಸೂಜಿಮೊನೆಯಷ್ಟು ಸ್ಪಷ್ಟ, ಪಕ್ಕದಲ್ಲಿದ್ದದ್ದು ಇಲ್ಲವೇ ಇಲ್ಲ. ಒಂದು ಸಲ ಒಬ್ಬರ ಕಿವಿಗೆ ಕತ್ತರಿ ತಾಗಿತು. ಇನ್ನೊಂದು ಸಲ ಮತ್ತೊಬ್ಬರ ಕಿವಿಗೆ. ಗಿರಾಕಿಗಳು ಕಿವಿ ಮುಟ್ಟಿಕೊಂಡು ಕೂರತೊಡಗಿದರು. ಅಂಗಡಿ ಹೋದರೆ ನಾನೂ ಹೋದ ಹಾಗೇ ಅಕ್ಕ ಎಂದು ಅವಳು ಒಂದೇ ಒಂದು ಸಲ ಹೇಳಿದ್ದಳು. ಆಮೇಲೆ ಆ ಮಾತನ್ನು ನಗೆಯಲ್ಲಿ ಮುಚ್ಚಿಬಿಟ್ಟಳು.

ಸಂಸ್ಥೆಯವರು ಅವಳ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದುಕೊಂಡರು. ಅದರ ಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಉಪಾಯ ಮಾಡಿ ಕಣ್ಣಿನ ಪರದೆಯ ಕೋಶಗಳನ್ನಾಗಿ ಮಾರ್ಪಡಿಸಿದರು. ತಂಗಿ ಅಂಗಡಿಯಲ್ಲಿ ಕೂತಿರುವಾಗಲೇ ಅವಳ ಚೂರುಪಾರು ಸಂಸ್ಥೆಯ ಮೂರನೇ ಮಹಡಿಯ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಯುತ್ತಿತ್ತು. ನನಗೆ ಅಲ್ಲೂ ಊಟ ಹಾಕುತ್ತೀಯಲ್ಲ ಅಕ್ಕ, ಒಬ್ಬಳೇ ತಂಗಿ, ಎರಡು ಸಂಸಾರ ನಿನಗೆ ಎಂದು ತಂಗಿ ರೇಗಿಸುತ್ತಿದ್ದಳು.

ಕೆಲಸ ಕೇಳಲು ಕಗ್ಗಂಟು, ಬಿಡಿಸಿದರೆ ಸರಳ. ಕೋಶದಲ್ಲಿ ಜೀನುಗಳು ಜೋಡಿಯಾಗಿ ಇರುತ್ತವೆ, ಒಂದು ಅಮ್ಮ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. ತಂಗಿಗೆ ಅಮ್ಮ ಕೊಟ್ಟ ಪ್ರತಿ ಸರಿಯಾಗಿತ್ತು. ಅಪ್ಪ ಕೊಟ್ಟ ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು, ಕಣ್ಣು ತಿನ್ನಲು ಅಷ್ಟು ಸಾಕು. ಕತ್ತರಿಯಂಥ ಒಂದು ಅಣು ಆ ತಪ್ಪಿನ ಹತ್ತಿರ ಹೋಗಿ ಕತ್ತರಿಸುತ್ತದೆ, ಕೋಶ ತಾನೇ ಹೊಲಿದುಕೊಳ್ಳುವಾಗ ಸರಿಯಾದ ಅಕ್ಷರವನ್ನು ಹಾಕಿಕೊಳ್ಳಬೇಕು. ಆಯಿತೋ ಇಲ್ಲವೋ ಎಂದು ನೋಡಲು ಆ ಜಾಗದ ಒಂದು ಗಿಡ್ಡ ತುಣುಕನ್ನು ಯಂತ್ರದಲ್ಲಿ ಲಕ್ಷಾಂತರ ನಕಲು ಮಾಡಿ ಓದುತ್ತಾರೆ. ತಪ್ಪಕ್ಷರ, ಸರಿಯಕ್ಷರ ಎರಡೂ ಕಂಡರೆ ತಿದ್ದಿಲ್ಲ. ಸರಿಯಕ್ಷರ ಮಾತ್ರ ಕಂಡರೆ ತಿದ್ದಿದೆ.

ಒಂದು ಬೆಳಿಗ್ಗೆ ಕಂಪ್ಯೂಟರಿನ ಪರದೆಯ ಮೇಲೆ ಸರಿಯಕ್ಷರ ಮಾತ್ರ ಕಂಡಿತು. ಒಂದು ತಟ್ಟೆಯಲ್ಲಲ್ಲ, ತಟ್ಟೆಯ ಮೇಲೆ ತಟ್ಟೆ. ಇಡೀ ಮಹಡಿ ಚಪ್ಪಾಳೆ ತಟ್ಟಿತು. ಬೆಣ್ಣೆ ಸಾಹೇಬರು ಆವತ್ತೇ ಪತ್ರಕರ್ತರಿಗೆ ಫೋನ್ ಮಾಡಿಸಿದರು. ಇಲಿಗಳ ಮೇಲಿನ ಪ್ರಯೋಗ ಮೊದಲೇ ಮುಗಿದಿತ್ತು, ಉಳಿದದ್ದು ಮನುಷ್ಯರ ಕಣ್ಣು. ಸುರಕ್ಷತಾ ಸಮಿತಿ ಒಪ್ಪಿದರೆ ಆ ಕತ್ತರಿ ಅಣುವಿನ ಮೊದಲ ಸೂಜಿ ತಂಗಿಯ ಕಣ್ಣಿಗೆ. ಸುದ್ದಿ ಕೇಳಿದ ದಿನ ತಂಗಿ ಅಂಗಡಿಯ ಕನ್ನಡಿಯನ್ನು ಉಜ್ಜಿ ಉಜ್ಜಿ ಒರೆಸಿದಳು. ಹೊಸ ಕತ್ತರಿಯೊಂದನ್ನೂ ತಂದಿಟ್ಟುಕೊಂಡಳು.

ತಕರಾರಮ್ಮನಿಗೆ ಮಾತ್ರ ಒಂದು ವಿಷಯ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡಿತು. ತಿದ್ದಿದ ಕೋಶಗಳು ಚೆನ್ನಾಗಿ ಬಾಳಬೇಕಲ್ಲವೇ? ಇವು ಸೊರಗುತ್ತಿದ್ದವು. ದಿನಾ ಆಹಾರ ಹಾಕುವವಳು ಅವಳೇ ಆದ್ದರಿಂದ ಅವಳ ಕಣ್ಣಿಗೆ ಬಿತ್ತು. ತಿದ್ದದ ತಟ್ಟೆಗಳು ತುಂಬಿಕೊಂಡಿದ್ದರೆ ತಿದ್ದಿದವುಗಳಲ್ಲಿ ಅಲ್ಲಲ್ಲಿ ಬೋಳು. ಅವಳಿಗೆ ಅನುಮಾನ ಬಂದದ್ದು ತಟ್ಟೆಯ ಮೇಲಲ್ಲ, ಪರೀಕ್ಷೆಯ ಮೇಲೆ. ನಕಲು ಮಾಡುವ ಯಂತ್ರಕ್ಕೆ ತುಣುಕಿನ ಎರಡು ತುದಿಯಲ್ಲೂ ಹಿಡಿದುಕೊಳ್ಳಲು ಜಾಗ ಬೇಕು. ಕೋಶವು ಕತ್ತರಿಸಿದ ಕಡೆ ಹೊಲಿದುಕೊಳ್ಳುವ ಬದಲು ಅಪ್ಪನ ಪ್ರತಿಯಿಂದ ದೊಡ್ಡ ತುಂಡನ್ನೇ ಉದುರಿಸಿಬಿಟ್ಟಿದ್ದರೆ? ಹಿಡಿಯಲು ಜಾಗವೇ ಇರುವುದಿಲ್ಲ. ಯಂತ್ರ ಅಮ್ಮನ ಪ್ರತಿಯನ್ನಷ್ಟೇ ಓದುತ್ತದೆ, ಸರಿಯಕ್ಷರ ಮಾತ್ರ ಕಾಣುತ್ತದೆ. ದಿನಾ ಇಬ್ಬರು ಜಗಳವಾಡುತ್ತಿದ್ದ ಮನೆಯಲ್ಲಿ ಇವತ್ತು ಒಂದೇ ದನಿ ಕೇಳಿಸಿದರೆ ರಾಜಿಯಾಯಿತು ಎಂದುಕೊಳ್ಳಬಹುದು. ಒಬ್ಬರನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಿರಲೂಬಹುದು.

ನೋಡುವುದಕ್ಕೆ ಒಂದು ದಾರಿಯಿತ್ತು. ಆ ಜಾಗದಿಂದ ತುಸು ಆಚೆ, ಪಕ್ಕದ ಜೀನು ಶುರುವಾಗುವ ಕಡೆ, ತಂಗಿಯ ಎರಡು ಪ್ರತಿಗಳ ನಡುವೆ ಇನ್ನೊಂದು ಅಕ್ಷರದ ವ್ಯತ್ಯಾಸವಿತ್ತು. ಯಾರಿಗೂ ಕೆಡುಕು ಮಾಡದ, ಹುಟ್ಟು ಮಚ್ಚೆಯಂಥ ಗುರುತು. ಅಮ್ಮನ ಕಡೆಯದು ಒಂದು, ಅಪ್ಪನ ಕಡೆಯದು ಒಂದು. ನಿಜವಾಗಿ ತಿದ್ದಿದ್ದರೆ ಎರಡೂ ಗುರುತು ಉಳಿದಿರಬೇಕು. ತಕರಾರಮ್ಮ ಯಾರಿಗೂ ಹೇಳದೆ ತಟ್ಟೆಗಳನ್ನು ಒಂದೊಂದಾಗಿ ಓದಿದಳು. ಅಮ್ಮನ ಗುರುತು ಇತ್ತು. ಮತ್ತೆ ಅಮ್ಮನದು. ಮತ್ತೂ ಅಮ್ಮನದೇ. ಹೊಳೆಯುವ ಆ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಅಪ್ಪನ ಗುರುತು ಕಾಣೆಯಾಗಿತ್ತು.

ತಿದ್ದಿರಲಿಲ್ಲ, ಕಿತ್ತು ಹಾಕಿದ್ದರು. ಉದುರಿದ ತುಂಡಿನ ಜೊತೆ ಪಕ್ಕದ ಜೀನಿನ ತಲೆಯೂ ಹೋಗಿತ್ತು, ಅದು ಜೋಡಿಯಾಗಿ ಇಲ್ಲದಿದ್ದರೆ ಕಣ್ಣಿನ ಕೋಶ ಹೆಚ್ಚು ದಿನ ಬಾಳದು. ಇಲಿಯಲ್ಲಿ ಆ ಜಾಗದ ಜೋಡಣೆಯೇ ಬೇರೆ, ಹಾಗಾಗಿ ಅಲ್ಲಿ ತಿಳಿದಿರಲಿಲ್ಲ. ಈ ಮದ್ದು ತಂಗಿಯ ಕಣ್ಣಿಗೆ ಹೋದರೆ ನಿಧಾನವಾಗಿ ಸಾಯುತ್ತಿರುವ ನೋಟ ಬೇಗ ಸಾಯುತ್ತದೆ. ಅಂಚು ಹೋಗಿದೆ, ನಡುವಿನದೂ ಹೋಗುತ್ತದೆ. ತಕರಾರಮ್ಮನಿಗೆ ಡಿಪೋದ ಕಿಟಕಿ ಕಣ್ಣಿಗೆ ಕಟ್ಟಿತು. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ, ಸರಿಯಾಗಿ ಪರೀಕ್ಷೆ ಮಾಡದೆ ಅಪ್ಪನನ್ನು ಹೊರಗೆ ಹಾಕಿ ಎಲ್ಲ ಸರಿಹೋಯಿತು ಎಂದಿದ್ದರು. ಓದಿದ್ದನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡು ಎದ್ದಳು.

ಬೆಣ್ಣೆ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದಳು. ಅವರು ನೋಡಿದರು, ಕನ್ನಡಕ ತೆಗೆದರು, ಒರೆಸಿದರು. ನಿನ್ನ ಕೈಯಲ್ಲೇ ಎಲ್ಲೋ ಬೆರಕೆಯಾಗಿರಬೇಕು ಎಂದರು. ಎಲ್ಲ ತಟ್ಟೆಯಲ್ಲೂ ಒಂದೇ ಥರ ಬೆರಕೆಯಾಗುತ್ತದೆಯೇ ಎಂದು ಅವಳು ಕೇಳಿದಳು. ಹಾಗಾದರೆ ಇನ್ನೊಬ್ಬರ ಕೈಯಲ್ಲಿ, ಉದ್ದನೆಯ ತುಂಡು ಓದುವ ಯಂತ್ರದಲ್ಲಿ ಮಾಡಿಸೋಣ ಎಂದಳು. ಯಂತ್ರಕ್ಕೆ ಬಿಡುವಿಲ್ಲ ಎಂದರು. ಸಮಿತಿಯ ಸಭೆ ಮುಂದಕ್ಕೆ ಹಾಕಿ ಎಂದಳು. ಆಗ ಅವರು ಎದ್ದು ಬಂದು, ಬಾಗಿಲು ಮುಚ್ಚಿ, ಮನೆಯ ಹಿರಿಯರ ದನಿ ತೆಗೆದರು.

"ನೋಡಮ್ಮ, ಈ ತಕರಾರೆಲ್ಲ ಆಮೇಲೂ ಮಾಡ್ಬಹುದು. ಮೊದ್ಲು ಒಪ್ಪಿಗೆ ಸಿಗ್ಲಿ. ನಿನ್ನ ಗುತ್ತಿಗೆ ಬೇರೆ ಈ ತಿಂಗಳೇ ಮುಗಿಯುತ್ತೆ, ನಾನೇ ಸಹಿ ಹಾಕ್ಬೇಕು."

"ಸಾರ್, ಅದು ನನ್ನ ತಂಗಿ ಕಣ್ಣು."

"ಅದಕ್ಕೇ ಹೇಳ್ತಿರೋದು. ಸ್ವಂತದವರ ವಿಷಯದಲ್ಲಿ ಭಯ ಜಾಸ್ತಿ ಇರುತ್ತೆ, ನೀನು ಸರಿಯಾಗಿ ಯೋಚನೆ ಮಾಡ್ತಿಲ್ಲ."

ಕೇಳಿದಿರಾ! ಪತ್ರಿಕೆಗೆ ಕಥೆ ಬೇಕಾದಾಗ ಅವಳು ಅಕ್ಕ. ತಪ್ಪು ಹಿಡಿದಾಗಲೂ ಅವಳು ಅಕ್ಕ, ಹಾಗಾಗಿ ಅವಳ ಮಾತಿಗೆ ಬೆಲೆಯಿಲ್ಲ. ಬೆಣ್ಣೆಯ ಕೆಳಗೆ ಚಾಕು ಇದ್ದದ್ದು ಅವಳಿಗೆ ಮೊದಲ ಸಲ ಕಂಡಿತು.

ಆ ಸಂಜೆ ಅವಳು ಮನೆಗೆ ಹೋದಳು. ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ರಸ್ತೆಯ ಸದ್ದು ಕೇಳುತ್ತಿದ್ದ. ಈಗ ಅವನಿಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಹೋಗುವ ಬಸ್ಸಿನ ಗೇರಿನ ಸದ್ದು ಕೇಳಿ, ಕ್ಲಚ್ಚು ಸಾಯಿಸುತ್ತಿದ್ದಾನೆ ನೋಡು ಎಂದು ಕಾಣದ ಡ್ರೈವರಿಗೆ ಬೈಯುವುದೇ ಅವನ ಹೊತ್ತುಗಳೆಯುವ ಕೆಲಸ. ತಂಗಿ ಒಳಗೆ ಅಮ್ಮನ ಜೊತೆ ಹರಟುತ್ತಿದ್ದಳು. ಸೂಜಿ ಹಾಕಿದ ಮೇಲೆ ಅಂಗಡಿಗೆ ಮೂರನೇ ಕುರ್ಚಿ ಹಾಕಿಸುತ್ತೇನೆ ಎನ್ನುತ್ತಿದ್ದಳು. ಅವಳಿಗೆ ಹೇಳಬೇಕೆಂದೇ ತಕರಾರಮ್ಮ ಬಂದದ್ದು. ಆ ನಗು ಕೇಳಿ ನಾಲಿಗೆ ಏಳಲಿಲ್ಲ. ಅಪ್ಪನ ಪಕ್ಕ ಕುಕ್ಕರಿಸಿ, ಸಣ್ಣ ದನಿಯಲ್ಲಿ ಅವನಿಗೊಬ್ಬನಿಗೆ ಹೇಳಿದಳು.

ಅಪ್ಪ ಕೊನೆಯವರೆಗೆ ಕೇಳಿಸಿಕೊಂಡ. "ಅಂದ್ರೆ ಅಲ್ಲೂ ನನ್ನ ಡಿಸ್ಮಿಸ್ ಮಾಡಿದಾರೆ ಅನ್ನು" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಆವತ್ತು ಡಿಪೋದಲ್ಲಿ ನೀನೊಬ್ಳೇ ಕೇಳಿದ್ದು. ಇಷ್ಟು ವರ್ಷ ನನ್ನ ಮರ್ಯಾದೆ ಉಳಿಸಿರೋದು ಅದೊಂದೇ ಮಾತು. ಇದು ನಿನ್ನ ತಂಗಿ ಕಣ್ಣು. ಸುಮ್ನಿರ್ಬೇಡ."

ಸಮಿತಿಯ ಸಭೆ ಸಂಸ್ಥೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಉದ್ದನೆಯ ಮೇಜು, ನೀರಿನ ಲೋಟಗಳು, ಗೋಡೆಯ ಮೇಲೆ ಹೊಳೆಯುವ ಚಿತ್ರಗಳು. ಅಧ್ಯಕ್ಷೆ ಬಿಳಿ ಕೂದಲಿನ ಹಿರಿಯ ವೈದ್ಯೆ. ತಂಗಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು, ಪಕ್ಕದಲ್ಲಿ ಫೋಟೊ ತೆಗೆಯುವವ. ಬೆಣ್ಣೆ ಸಾಹೇಬರು ಮಾತಾಡಿದರು. ಒಂದು ಮನೆ, ಒಂದು ಕಣ್ಣೀರು, ಒಬ್ಬ ಅಕ್ಕ ಎಂದೆಲ್ಲ ಹೇಳಿ ನಡುವೆ ದನಿಯನ್ನೂ ಗದ್ಗದ ಮಾಡಿಕೊಂಡರು. ಸರಿಯಕ್ಷರದ ಚಿತ್ರ ತೋರಿಸಿದರು. ಸೊರಗಿದ ತಟ್ಟೆಗಳ ಚಿತ್ರವನ್ನು ತೋರಿಸಲಿಲ್ಲ. ಯಾರದಾದರೂ ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷೆ ವಾಡಿಕೆಯಂತೆ ಕೇಳಿದರು. ಗೋಡೆ ಪಕ್ಕದ ಕುರ್ಚಿಯಿಂದ ತಕರಾರಮ್ಮ ಎದ್ದಳು.

"ನಂದೊಂದು ತಕರಾರಿದೆ."

ಕೋಣೆ ತಿರುಗಿ ನೋಡಿತು. ತಂಗಿಯೂ ತಿರುಗಿದಳು. ಅಂಚು ಕಾಣದವಳಾದ್ದರಿಂದ ಇಡೀ ತಲೆ ಹೊರಳಿಸಿ ಹುಡುಕಿದಳು. ತಕರಾರಮ್ಮ ಎಲ್ಲೂ ದನಿ ಏರಿಸಲಿಲ್ಲ. ಈ ಕೋಶಗಳಲ್ಲಿ ಅಪ್ಪನ ಪ್ರತಿಯನ್ನು ತಿದ್ದಿಲ್ಲ, ಆ ಪ್ರತಿಯೇ ಅಲ್ಲಿ ಇಲ್ಲ ಎಂದಳು. ಗಿಡ್ಡ ತುಣುಕು ಓದಿದರೆ ತಿದ್ದಿದ ಹಾಗೆ ಕಾಣುತ್ತದೆ, ಆಚೆಯ ಗುರುತು ನೋಡಿದರೆ ಬಣ್ಣ ಬಯಲಾಗುತ್ತದೆ. ತಾನು ಮಾಡಿದ ಪರೀಕ್ಷೆಯನ್ನು ನಂಬಬೇಡಿ, ಇನ್ನೊಬ್ಬರ ಕೈಯಲ್ಲಿ ಮಾಡಿಸಿ. ಮಾಡಿಸುವವರೆಗೆ ಯಾರ ಕಣ್ಣಿಗೂ ಸೂಜಿ ಹಾಕಬೇಡಿ. ಬೆಣ್ಣೆ ಸಾಹೇಬರು ನಗುನಗುತ್ತಲೇ, ನಮ್ಮ ಹುಡುಗಿ ಸ್ವಲ್ಪ ಭಾವುಕಳು ಎಂದರು. ನಡುವಯಸ್ಸು ಮುಟ್ಟಿದವಳು ಅವರಿಗೆ ಆ ಹೊತ್ತಿಗೆ ಹುಡುಗಿಯಾಗಿಬಿಟ್ಟಳು! ಅಧ್ಯಕ್ಷೆ ನಗಲಿಲ್ಲ. ಆಚೆಯ ಗುರುತನ್ನು ಓದಿದ್ದೀರೋ ಇಲ್ಲವೋ ಎಂದು ಸಾಹೇಬರನ್ನು ಕೇಳಿದರು. ಅವರು ಸುತ್ತಿ ಬಳಸಿ ಏನೇನೋ ಹೇಳಿದರು. ಓದಿದ್ದೀರೋ ಇಲ್ಲವೋ ಎಂದು ಅಧ್ಯಕ್ಷೆ ಮತ್ತೆ ಕೇಳಿದರು. ಅಲ್ಲಿಗೆ ಸಭೆ ಮುಗಿಯಿತು.

ಹೊರಗಿನ ಮೊಗಸಾಲೆಯಲ್ಲಿ ತಂಗಿ ಗೋಡೆ ಹಿಡಿದು ನಿಂತಿದ್ದಳು. ತಕರಾರಮ್ಮ ಕೈ ಹಿಡಿಯಲು ಹೋದರೆ ಕೊಸರಿಕೊಂಡಳು.

"ನಂಗ್ ಮೊದ್ಲೇ ಹೇಳ್ಬಹುದಿತ್ತು. ಅಷ್ಟು ಜನರ ಮುಂದೆ ತಿಳೀಬೇಕಿತ್ತಾ ನಂಗೆ?"

"ಹೇಳಕ್ಕೆ ಬಾಯಿ ಬರ್ಲಿಲ್ಲ ಕಣೇ."

"ಅಲ್ಲಿ ಚೆನ್ನಾಗಿ ಬಂತಲ್ಲ. ನಿಂಗೇನಕ್ಕ, ನಿನ್ನ ಕಣ್ಣು ಚೆನ್ನಾಗಿದೆ. ಕಾಯೋದು ನಾನು."

ತಂಗಿ ಒಬ್ಬಳೇ, ಗೋಡೆ ಸವರಿಕೊಂಡು, ಮೆಟ್ಟಿಲಿಳಿದು ಹೋದಳು. ಡಿಪೋದಲ್ಲಿ ಅಪ್ಪ ಬಸ್ಸಿನ ಪಕ್ಕ ಸವರಿಕೊಂಡು ನಡೆದದ್ದು ಹೀಗೆಯೇ ಇರಬೇಕು ಎಂದು ತಕರಾರಮ್ಮನಿಗೆ ಅನಿಸಿತು.

ಮುಂದಿನದನ್ನು ಹೇಳಲು ಹೊಟ್ಟೆ ಉರಿಯುತ್ತದೆ. ಹೊರಗಿನವರು ಪರೀಕ್ಷೆ ಮಾಡಿದರು, ತಕರಾರಮ್ಮ ಹೇಳಿದ್ದೇ ಸರಿ ಎಂದಾಯಿತು, ಪ್ರಯೋಗ ನಿಂತಿತು. ಬೆಣ್ಣೆ ಸಾಹೇಬರು ನೆಲಕಚ್ಚಿದರು ಎಂದುಕೊಂಡಿರಾ? ಎಲ್ಲಿಯ ಮಾತು! ತಮ್ಮ ಸಂಸ್ಥೆಯ ಎಚ್ಚರದಿಂದಲೇ ತಪ್ಪು ಸಿಕ್ಕಿತು, ವಿಜ್ಞಾನದಲ್ಲಿ ಪ್ರಾಮಾಣಿಕತೆಗಿಂತ ದೊಡ್ಡದಿಲ್ಲ ಎಂದು ಒಂದು ಪ್ರಬಂಧ ಬರೆದರು. ಪ್ರಾಮಾಣಿಕತೆಗಾಗಿ ಅವರಿಗೆ ಪ್ರಶಸ್ತಿ ಬಂತು. ಪ್ರಬಂಧದ ಕೊನೆಯಲ್ಲಿ ತಾಂತ್ರಿಕ ನೆರವಿಗಾಗಿ ಕೃತಜ್ಞತೆ ಎಂಬಲ್ಲಿ ತಕರಾರಮ್ಮನ ಹೆಸರು, ಯಂತ್ರ ರಿಪೇರಿಯವರ ಹೆಸರಿನ ಪಕ್ಕ. ಅವಳ ಗುತ್ತಿಗೆ ಮುಂದುವರಿಯಲಿಲ್ಲ, ಅನುದಾನ ಸಾಲದು ಎಂದು ಕಾರಣ ಹೇಳಿದರು. ಹೋಗಲಿ, ಕೆಲಸ ಹೋದರೆ ಅವಳಿಗೆ ಹೊಸದೇನಲ್ಲ. ತಂಗಿಯ ಕೋಶಗಳನ್ನಾದರೂ ಕೊಡಿ, ಬೇರೆ ಕಡೆ ಬೆಳೆಸಿಕೊಳ್ಳುತ್ತೇನೆ ಎಂದು ಕೇಳಿದಳು. ಅವು ಸಂಸ್ಥೆಯ ಆಸ್ತಿ ಎಂದರು. ಅಲ್ಲ ಸ್ವಾಮಿ, ಒಬ್ಬಳ ತೋಳಿನ ಚರ್ಮ ಯಾವಾಗ ಇನ್ನೊಬ್ಬರ ಆಸ್ತಿಯಾಯಿತು?

ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಧ್ಯಾಹ್ನದ ಮೇಲೆ ಹತ್ತಿರದ ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯ ಶಿಷ್ಯೆಯೊಬ್ಬಳು ಕಿಟಕಿ ಪಕ್ಕದ ಒಂದು ಮೇಜು ಬಿಟ್ಟುಕೊಟ್ಟಳು. ಅಲ್ಲಿ ಕೂತು ಕತ್ತರಿಸದೆಯೇ ಅಕ್ಷರವನ್ನಷ್ಟೇ ಬದಲಿಸುವ ಇನ್ನೊಂದು ದಾರಿಯನ್ನು ಅವಳು ಬೇರೆ ಕೋಶಗಳಲ್ಲಿ ನೋಡತೊಡಗಿದಳು. ನಿಧಾನದ ಕೆಲಸ. ಯಾವ ಪತ್ರಕರ್ತನೂ ಬರಲಿಲ್ಲ. ತಂಗಿಯೂ ಬರಲಿಲ್ಲ, ಫೋನ್ ಮಾಡಿದರೆ ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದಳು. ಅಂಗಡಿಯಲ್ಲಿ ಈಗ ಇನ್ನೊಬ್ಬಾಕೆ ಕತ್ತರಿ ಹಿಡಿಯುತ್ತಾಳೆ, ನಿನ್ನ ತಂಗಿ ತಲೆ ತೊಳೆದುಕೊಡುತ್ತಾಳೆ ಅಷ್ಟೇ ಎಂದು ಅಮ್ಮ ಹೇಳಿದಳು. ಆ ಮಾತು ಕೇಳಿದ ಮೇಲೆ ತಕರಾರಮ್ಮ ಕೂದಲು ಕತ್ತರಿಸಿಕೊಳ್ಳುವುದನ್ನೇ ಬಿಟ್ಟಳು. ಬೇರೆಯವರ ಕೈಗೆ ತಲೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಒಂದು ರಜೆಯ ದಿನ ಅವಳು ಮನೆಗೆ ಹೋದಾಗ ಬಿಸಿಲು ಹಿತ್ತಲಿನ ತುಂಬ ಬಿದ್ದಿತ್ತು. ತಂಗಿ ಅವಳನ್ನು ಕಂಡು ಒಳಗೆ ಎದ್ದು ಹೋಗಲಿಲ್ಲ. ಅಕ್ಕನ ಮುಖವನ್ನು ಕೊಳವೆಯಷ್ಟು ಉಳಿದ ನೋಟದಲ್ಲಿ ಮೇಲಿಂದ ಕೆಳಗೆ, ಚೂರು ಚೂರಾಗಿ ನೋಡಿದಳು.

"ತಲೆ ನೋಡ್ಕೊಂಡಿದೀಯಾ? ಪೊರಕೆ ಇದ್ದ ಹಾಗಿದೆ. ಕೂತ್ಕೋ."

ತಕರಾರಮ್ಮ ಕೂತಳು. ಹೆಗಲ ಮೇಲೆ ಟವೆಲು ಬಿತ್ತು. ಬೇಡ ಎಂದು ಅಪ್ಪ ಬಾಗಿಲಿನಿಂದ ಎಚ್ಚರಿಸಿದ. ಕಿವಿ ಹೋದರೂ ಹೋಗಲಿ, ಇನ್ನೊಂದಿದೆಯಲ್ಲ ಎಂದು ತಕರಾರಮ್ಮ ಅಂದಳು. ತಂಗಿ ಎಡಗೈಯಲ್ಲಿ ಅಕ್ಕನ ಕಿವಿಯನ್ನು ಮಡಚಿ ಹಿಡಿದು, ಬೆರಳ ಅಳತೆಯಲ್ಲಿ ಕತ್ತರಿಸುತ್ತಾ ಹೋದಳು. ಹೊಸ ಕತ್ತರಿ, ಆವತ್ತು ತಂದಿಟ್ಟದ್ದು. ತಕರಾರಮ್ಮ ಒಂದು ಸಲವೂ ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆಮೇಲೆ ತಂಗಿ, ಅಧ್ಯಕ್ಷೆ ತನಗೆ ಫೋನ್ ಮಾಡಿದ್ದರು ಎಂದಳು. ಆ ಸೂಜಿ ಹಾಕಿಸಿಕೊಂಡಿದ್ದರೆ ಇಷ್ಟು ಹೊತ್ತಿಗೆ ಅಕ್ಕನ ಮುಖವೂ ಕಾಣುತ್ತಿರಲಿಲ್ಲ ಎಂದು ಹೇಳಿದರಂತೆ. ಅದು ಗೊತ್ತಾದ ಮೇಲೂ ಸಿಟ್ಟು ಇಳಿಯಲು ಇಷ್ಟು ದಿನ ಹಿಡಿಯಿತು, ಸಿಟ್ಟಿನಲ್ಲಿ ಇದ್ದಬದ್ದ ಬೆಳಕನ್ನೆಲ್ಲ ದಂಡ ಮಾಡಿಕೊಂಡೆ ಎಂದಳು. ಟವೆಲು ಕೊಡವಿದಳು. ಆಮೇಲೆ ಅಕ್ಕನ ಮುಂದೆ ಬಂದು ನಿಂತು ಎರಡೂ ತೋಳಿನ ಬಟ್ಟೆ ಮಡಚಿದಳು. ಒಂದು ತೋಳಿನಲ್ಲಿ ಹಳೆಯ ಕಲೆ ಇತ್ತು. ಅವಳು ಮುಂದೆ ಚಾಚಿದ್ದು ಇನ್ನೊಂದನ್ನು.

"ಆ ಕೈಯಿಂದ ತೆಗೆದಿದ್ದು ಅವರ ಆಸ್ತಿ ಅಂತೆ, ಅಮ್ಮ ಹೇಳಿದ್ಲು. ಈ ಕೈ ನಂದು. ಎಷ್ಟು ಬೇಕೋ ತಗೋ."

"ಎಷ್ಟು ವರ್ಷ ಹಿಡಿಯುತ್ತೋ ಗೊತ್ತಿಲ್ಲ ಕಣೇ. ಅಷ್ಟರಲ್ಲಿ ನಿನ್ನ ಕಣ್ಣು..."

"ಗೊತ್ತು. ಆದ್ರೂ ತಗೋ. ಯಾರ್ಯಾರೋ ಬಂದು ಸರಿಹೋಯ್ತು ಅಂದ್ರೆ ನಾನು ನಂಬಲ್ಲ. ನೀನು ತಕರಾರಿಲ್ಲ ಅಂದ ದಿನ ಹೇಳು, ಬರ್ತೀನಿ."

ತಕರಾರಮ್ಮ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಾಗಿಲಿನಲ್ಲಿ ಕೂತಿದ್ದ ಅಪ್ಪ, ಈ ಸಲ ನನ್ನ ಗುರುತು ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಮ್ಮ ಎಂದ. ನೋಡುತ್ತೇನಪ್ಪ, ಮೊದಲು ಅದನ್ನೇ ನೋಡುತ್ತೇನೆ ಎಂದಳು.